ಬಿಳಿಮೀನಿನ ಲೆಕ್ಕದ ಪುಸ್ತಕ



ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅಡುಗೆಯಿದೆ, ಆನೆಯಿದೆ, ಸಂಗೀತವಿದೆ, ಮತ್ಸ್ಯವಿನೋದ ಎಂಬ ಭಾಗವೂ ಇದೆ. ಯಾವುದು ಕಡಲ ಮೀನು, ಯಾವುದು ಹೊಳೆ ಮೀನು, ಯಾವುದಕ್ಕೆ ಎಂಥ ಮೇವು, ಗಾಳ ಹಾಕುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಬರೆದದ್ದು ಅರಸನ ಮೋಜಿಗೆ, ನಿಜ. ಆದರೆ ಅಷ್ಟು ಬರೆಯಬೇಕಾದರೆ ಯಾರೋ ವರ್ಷಗಟ್ಟಲೆ ನೀರಿನ ಪಕ್ಕ ಕೂತು ನೋಡಿರಲೇಬೇಕು. ಅವರು ಬೆಸ್ತರೇ ಇರಬೇಕು ಎಂಬುದು ನನ್ನ ಊಹೆ.

ಅಲ್ಲಿಂದ ಏಳು ಶತಮಾನ ದಾಟಿ ಮಂಗಳೂರಿಗೆ ಬರೋಣ. ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು, ಗಾಳದ ಹುಚ್ಚಿನವರು. ಭಾರತದಲ್ಲಿ ಗಾಳದ ಬೇಟೆಯನ್ನು ಕುರಿತು ಅವರ ಇಂಗ್ಲಿಷ್ ಪುಸ್ತಕ 1873ರಲ್ಲಿ ಬಂತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದಕ್ಕೂ ಮೊದಲು ಅವರು ಜಿಲ್ಲೆಯ ಮೀನಿನ ಬಗ್ಗೆ ಸರ್ಕಾರಕ್ಕೆ ಕೊಟ್ಟ ವರದಿ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಾಚಿದರೆ, ಹಳ್ಳಕ್ಕೆ ವಿಷ ಹಾಕಿದರೆ ದೊಡ್ಡ ಹೊಳೆಯಲ್ಲಿ ಮೀನು ಎಲ್ಲಿಂದ ಬಂದೀತು ಎಂಬುದು ಅವರ ತಕರಾರು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತೋಟೆ ಸಿಡಿಸುವುದನ್ನೂ ನೀರಿಗೆ ವಿಷ ಬೆರೆಸುವುದನ್ನೂ ಅಪರಾಧ ಎಂದಿತು. ಸಾಹೇಬರಿಗೆ ತಮ್ಮ ಆಟದ ಚಿಂತೆಯೂ ಇತ್ತೆನ್ನಿ. ಆದರೂ ಕೇಳಿದ ಪ್ರಶ್ನೆ ಸರಿಯಾಗಿತ್ತು.

ಇಂಥ ಗಾಳದವರೆಲ್ಲ ಕನಸು ಕಾಣುತ್ತಿದ್ದದ್ದು ಕಾವೇರಿಯ ಬಿಳಿಮೀನನ್ನು. ಮಹಶೀರ್ ಗುಂಪಿನದು, ಬೆನ್ನಿನ ಮೇಲೆ ಡುಬ್ಬ, ರೆಕ್ಕೆಗಳಲ್ಲಿ ಕಿತ್ತಳೆ ಛಾಯೆ, ಬಂಡೆಗಳ ನಡುವೆ ಸೆಳವಿನಲ್ಲಿ ವಾಸ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಮಹಾರಾಜರು ಹೊಡೆದ ಹುಲಿಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮನೆತನವದು.

ಸ್ವಾತಂತ್ರ್ಯದ ನಂತರ ಇಷ್ಟು ದೊಡ್ಡ ಮೀನು ಮುಗಿದೇಹೋಯಿತು ಎಂದು ಹೊರಗಿನವರು ಅಂದುಕೊಂಡಿದ್ದರು. 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಬಂದು ಕಾವೇರಿಯಲ್ಲಿ ಮತ್ತೆ ಭಾರಿ ಮೀನುಗಳನ್ನು ಹಿಡಿದರು. ಅದಾದ ಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ರಾಜ್ಯ ಸರ್ಕಾರದ ಪ್ರವಾಸ ಸಂಸ್ಥೆ ಜಂಗಲ್ ಲಾಡ್ಜಸ್‌ನವರ ಶಿಬಿರಗಳು ನೆಲೆಯೂರಿದವು. ನಿಯಮ ಒಂದೇ: ಹಿಡಿ, ತೂಗು, ಬಿಡು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ. ತೆಪ್ಪ ಹಾಕುವವರು, ಮಡು ತೋರಿಸುವವರು ಎಲ್ಲ ಅಲ್ಲಿನ ಹಳ್ಳಿಯವರೇ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಸತ್ತ ಮೀನು ಒಂದು ದಿನದ ಕಾಸು, ಬದುಕಿದ ಮೀನು ವರ್ಷವಿಡೀ ಸಂಬಳ. ಇಷ್ಟು ತಿಳಿದ ಮೇಲೆ ತೋಟೆ ಹಿಡಿದು ಬರುವವನನ್ನು ತಡೆಯಲು ದಡದಲ್ಲೇ ಜನ ಸಿಕ್ಕರು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ ಲೋಣಾವಳದ ಟಾಟಾ ಕಂಪನಿಯ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಅವು ನೀಲಿ ರೆಕ್ಕೆಯ ಮಹಶೀರ್, ಬೇರೆಯೇ ಜಾತಿ. ಹೊಸಬರು ಹೊಳೆಯಲ್ಲಿ ಚೆನ್ನಾಗಿ ಬಾಳಿದರು. ಗಾಳಕ್ಕೆ ಮೀನು ಧಾರಾಳವಾಗಿ ಸಿಗತೊಡಗಿತು, ಎಲ್ಲರಿಗೂ ಸಂತೋಷವಾಯಿತು. ಡುಬ್ಬದ ಬಿಳಿಮೀನು ಸದ್ದಿಲ್ಲದೆ ಕರಗುತ್ತಿತ್ತು.

ಇದು ಗೊತ್ತಾದದ್ದು ಹೇಗೆ? ಗಾಲಿಬೋರೆ ಶಿಬಿರದ ಲೆಕ್ಕದ ಪುಸ್ತಕದಿಂದ. 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮೀನುಗಳ ವಿವರ ಅದರಲ್ಲಿತ್ತು. ಬ್ರಿಟನ್ನಿನ ವಿಜ್ಞಾನಿ ಏಡ್ರಿಯನ್ ಪಿಂಡರ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಕೆದಕಿ 2015ರಲ್ಲಿ ಪ್ರಕಟಿಸಿದಾಗ ಚಿತ್ರ ಬಯಲಾಯಿತು: ಒಟ್ಟು ಸಂಖ್ಯೆ ಏರಿದೆ, ಬಿಳಿಮೀನು ಮಾತ್ರ ಹೆಚ್ಚುಕಡಿಮೆ ಕಾಣೆಯಾಗಿದೆ. ಅಣೆಕಟ್ಟು, ಮರಳು ಲೂಟಿ, ತೋಟೆಗಳ ಪಾಲೂ ಇದರಲ್ಲಿದೆ. ಹೊರಗಿಂದ ತಂದ ಮೀನಿನ ಮೇಲಷ್ಟೇ ಹೊರೆ ಹೊರಿಸುವುದು ಸರಿಯಲ್ಲ. 2018ರಲ್ಲಿ ಈ ಬಿಳಿಮೀನು ಟಾರ್ ರೆಮಾದೇವಿ ಎಂಬ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದರು. ಆ ವೈಜ್ಞಾನಿಕ ಹೆಸರು ಬಂದದ್ದು ಭಾರತೀಯ ಪ್ರಾಣಿ ಸರ್ವೇಕ್ಷಣೆಯ ವಿಜ್ಞಾನಿ ರೆಮಾದೇವಿಯವರಿಂದ. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿಯ ಉಪನದಿಗಳ ಪೈಕಿ ಮೋಯಾರ್‌ನಲ್ಲಿ ಅದು ಇನ್ನೂ ಉಳಿದಿದೆ.

ಅಷ್ಟರಲ್ಲಿ ಶಿಬಿರಗಳ ಗಾಳ ನಿಂತುಹೋಗಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ, ಮತ್ತೆ ಬಿಟ್ಟರೂ ಸರಿಯೇ. ಶಿಬಿರಗಳಿದ್ದದ್ದು ಅಭಯಾರಣ್ಯದೊಳಗೆ, ಅಲ್ಲಿ ಬೇಟೆಗೆ ಜಾಗವಿಲ್ಲ. ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವುದು ತಪ್ಪು ಅನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಗಾಳದ ಜೊತೆ ತೆಪ್ಪದವರ ಸಂಬಳವೂ ಹೋಯಿತು, ಆ ಪುಸ್ತಕದಲ್ಲಿ ಬರೆಯುವವರೂ ಹೋದರು. ನನ್ನ ಕೈಯಲ್ಲಿದ್ದರೆ ಅದೇ ಹಳ್ಳಿಯವರನ್ನು ಇಲಾಖೆಯ ಸಂಬಳದ ಮೇಲೆ ಮತ್ತೆ ನೀರಿಗಿಳಿಸಿ, ಯಾವ ಮಡುವಿನಲ್ಲಿ ಯಾವ ಮೀನಿದೆ ಎಂದು ಬರೆಸುತ್ತಿದ್ದೆ. 2012ರ ನಂತರದ ಹಾಳೆಗಳು ಖಾಲಿ ಇವೆ.