ದಪ್ತರದಲ್ಲಿ ಸಿಕ್ಕ ಮುತ್ತಜ್ಜಿ
(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ನ್ಯಾಯಾಲಯದ ದಪ್ತರದಲ್ಲಿ ನೌಕರಿ ಮಾಡಿ ನಿವೃತ್ತನಾದವನು. ವಚನಗಳ ಮೇಲೆ ಮಾತಾಡುವ ಯೋಗ್ಯತೆ ಇಲ್ಲಿ ಕೂತವರಲ್ಲಿ ಅನೇಕರಿಗೆ ನನಗಿಂತ ಹೆಚ್ಚಿದೆ. ನನಗೆ ಗೊತ್ತಿರುವುದು ಹಳೆಯ ಕಾಗದ ಓದುವುದು. ಆದ್ದರಿಂದ ನಮ್ಮ ಮುತ್ತಜ್ಜಿಯ, ಅಂದರೆ ನನ್ನ ಅಜ್ಜನ ತಾಯಿಯ ಸಂಗತಿಯನ್ನು ಸರಕಾರಿ ಕಾಗದಗಳಲ್ಲಿ ಕಂಡಷ್ಟು ಹೇಳುತ್ತೇನೆ.

ನಮ್ಮ ಕಡೆ ವಂಶಾವಳಿ ಬೇಕಾದರೆ ಹೆಳವರನ್ನು ಕೇಳುತ್ತೇವೆ. ಸುಗ್ಗಿ ಮುಗಿದ ಮೇಲೆ ಎತ್ತು ಹೂಡಿಕೊಂಡು ಬರುತ್ತಾರೆ, ಕಾಳುಕಡಿ ತಗೊಂಡು ಮನೆತನದ ಹೆಸರು ಹೇಳುತ್ತಾರೆ. ನಮ್ಮ ಮನೆಗೆ ಬರುವ ಹೆಳವ ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳುತ್ತಾನೆ. ಆ ಏಳು ತಲೆಮಾರಿನಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಅವನನ್ನು ದೂರುವುದು ಬೇಡ, ನಾವು ಯಾರೂ ಅವನನ್ನು ಕೇಳಿಲ್ಲ.

ನಾನು ಹುಡುಕಲು ಹೊರಟದ್ದಕ್ಕೆ ಕಾರಣವಿದೆ. ನನ್ನ ತಮ್ಮನ ಮಗಳು ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡಳು. ಎರಡು ವರ್ಷದ ಮೇಲೆ ಒಂದು ಒಳ್ಳೆಯ ಸಂಬಂಧ ಬಂತು, ಹುಡುಗಿಗೂ ಮನಸ್ಸಿತ್ತು. ಮನೆಯ ಹಿರಿಯರು ಮಾತ್ರ, "ನಮ್ಮ ಮನೆತನದಾಗ ಉಡಿಕಿ ಆಗಿದ್ದಿಲ್ಲ, ಇನ್ನ ಮ್ಯಾಲೂ ಆಗೂದಿಲ್ಲ" ಎಂದುಬಿಟ್ಟರು. ಬಸವಣ್ಣನವರ ಭಾವಚಿತ್ರದ ಕೆಳಗೆ ಕೂತು ಆಡಿದ ಮಾತು ಇದು. ಆಗಬೇಕೋ ಬೇಡವೋ ಎಂದು ವಾದ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆಗಿದ್ದಿಲ್ಲ ಎಂದರಲ್ಲ, ಅದನ್ನು ದಪ್ತರದಲ್ಲಿ ನೋಡಬಹುದು ಎನ್ನಿಸಿತು.

ಭೂಮಿಯ ಕಾಗದವನ್ನು ಇಂದಿನಿಂದ ಹಿಂದಕ್ಕೆ ಓದುತ್ತ ಹೋಗಬೇಕು. ಈಗಿನ ಕಂಪ್ಯೂಟರ್ ಪಹಣಿ, ಅದರ ಹಿಂದೆ ಕೈಬರಹದ ಉತಾರ, ಅದರ ಹಿಂದೆ ಹಕ್ಕು ಬದಲಾವಣೆಯ ರಜಿಸ್ಟರು. ನಮ್ಮದು ಹಳೆಯ ಮುಂಬಯಿ ಇಲಾಖೆ. ೧೮೪೦ರ ದಶಕದಲ್ಲಿ ವಿಂಗೇಟ್ ಸಾಹೇಬರ ಸರ್ವೆಯಾಗಿ ಹೊಲಗಳಿಗೆ ನಂಬರು ಬಿದ್ದವು, ಮೂವತ್ತು ವರ್ಷಕ್ಕೆ ಆಕಾರ ನಿಗದಿಯಾಯಿತು. ಆದರೆ ಆ ಸರ್ವೆಯ ಕಾಗದದಲ್ಲಿ ಮನೆತನದ ಕಥೆ ಸಿಗುವುದು ಕಡಿಮೆ. ಕಂದಾಯ ಯಾರಿಂದ ವಸೂಲಾಗಬೇಕು ಎಂಬುದಷ್ಟೇ ಸರಕಾರಕ್ಕೆ ಬೇಕಾಗಿತ್ತು. ೧೯೦೩ರ ಕಾಯ್ದೆಯಿಂದ ಹಕ್ಕುದಾಖಲೆ ಬಂದ ಮೇಲೆ ಹೊಲ ಒಬ್ಬರಿಂದ ಒಬ್ಬರಿಗೆ ಯಾಕೆ ಹೋಯಿತು ಎಂಬ ಕಾರಣ ಬರೆಯತೊಡಗಿದರು. ನಮಗೆ ಬೇಕಾದದ್ದು ಆ ಕಾರಣದ ಕಾಲಮ್ಮು.

ಅಲ್ಲಿ ನನ್ನ ಅಜ್ಜನ ಹೆಸರಿನ ಕೆಳಗೆ ಅವರ ತಮ್ಮನ ಹೆಸರು, ಪಕ್ಕದಲ್ಲಿ "ಅ.ಪಾ.ಕ. ತಾಯಿ" ಎಂದು ಇತ್ತು. ಅಜ್ಞಾನ ಪಾಲನಕರ್ತೆ, ಅಂದರೆ ವಯಸ್ಸಿಗೆ ಬಾರದ ಮಗನ ಪರವಾಗಿ ತಾಯಿ. ಮುತ್ತಜ್ಜಿಯ ಹೆಸರನ್ನು ನಾನು ಮೊದಲು ನೋಡಿದ್ದು ಅಲ್ಲೇ. ಕಾರಣದ ಕಾಲಮ್ಮಿನಲ್ಲಿ, ಈ ಹೊಲವನ್ನು ಆಕೆ ತಾನೇ ಖರೀದಿ ಮಾಡಿದ್ದೆಂದು ಬರೆದು ಖರೀದಿಪತ್ರದ ನಂಬರು ಕೊಟ್ಟಿದ್ದರು.

ನಂಬರು ಸಿಕ್ಕರೆ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುತ್ತದೆ. ಖರೀದಿಪತ್ರದಲ್ಲಿ ಎಲ್ಲರೂ ರಕಮು ನೋಡುತ್ತಾರೆ, ನೀವು ಚಕ್ಕುಬಂದಿ ನೋಡಿ. ಊರಿನ ಸಂಬಂಧಗಳೆಲ್ಲ ನಾಲ್ಕು ದಿಕ್ಕಿನಲ್ಲಿ ಬಂದು ಕೂತಿರುತ್ತವೆ. ನಮ್ಮ ಪತ್ರದಲ್ಲಿ ಮೂಡಲ ದಿಕ್ಕಿಗೆ ಬರೆದದ್ದು ಹೀಗೆ: ಖರೀದಿದಾರಳ ಮೊದಲಿನ ಗಂಡನ ತಮ್ಮನ ಜಮೀನು.

ಮೊದಲಿನ ಗಂಡ. ಕುಂಟೆ ಲೆಕ್ಕ ಬರೆಯುವಷ್ಟೇ ಸಹಜವಾಗಿ ಬರೆದಿದ್ದರು. ಬರೆದವನಿಗೂ ಬರೆಸಿದವನಿಗೂ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಂಡಿರಲಿಲ್ಲ.

ಆ ಮೈದುನನ ಹೆಸರು ಹಿಡಿದು ದಾವೆಗಳ ರಜಿಸ್ಟರು ಹುಡುಕಿದೆ. ಕೋರ್ಟಿನ ಕಡತಗಳೆಲ್ಲ ಉಳಿಯುವುದಿಲ್ಲ, ಅವಧಿ ಮುಗಿದದ್ದನ್ನು ನಿಯಮದ ಪ್ರಕಾರ ನಾಶ ಮಾಡುತ್ತಾರೆ. ನನ್ನ ಪುಣ್ಯಕ್ಕೆ ಡಿಕ್ರಿಯ ಜೊತೆಗೆ ಮುತ್ತಜ್ಜಿಯ ಕೈಫಿಯತ್ತೂ ಉಳಿದಿತ್ತು. ಕೈಫಿಯತ್ತು ಕನ್ನಡದಲ್ಲಿ, ಅಂಚಿನ ಟಿಪ್ಪಣಿಗಳು ಮೋಡಿಯಲ್ಲಿ. ಮೋಡಿಯನ್ನು ಒಬ್ಬ ಹಿರಿಯರು ಓದಿಕೊಟ್ಟರು.

ಸಂಗತಿ ಇಷ್ಟು. ೧೮೭೬-೭೮ರ ಬರಗಾಲದಲ್ಲಿ ಆಕೆಯ ಮೊದಲಿನ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರ ವಾಟ್ನಿ ಮೊದಲೇ ಆಗಿದ್ದರಿಂದ ಗಂಡನ ಪಾಲಿನ ಹೊಲ ಆಕೆಗೆ ಬಂತು. ಬರದಲ್ಲಿ ಊರು ಬಿಟ್ಟು ಹೋದವರು ಎಷ್ಟೋ ಜನ, ಈಕೆ ಹೋಗಲಿಲ್ಲ. ಕಂದಾಯ ಕಟ್ಟಿದಳು, ಹೊಲ ಬೀಳುಬಿಡಲಿಲ್ಲ. ಮುಂದೆ ನಮ್ಮ ಮುತ್ತಜ್ಜನೊಡನೆ ಉಡಿಕೆಯಾಯಿತು. ಕೂಡಲೇ ಮೈದುನ ದಾವೆ ಹಾಕಿದ.

ಅವನ ವಕೀಲರು ಹಿಡಿದದ್ದು ೧೮೫೬ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ಬಂದ ಕಾಯ್ದೆ ಎಂದು ಶಾಲೆಯಲ್ಲಿ ಓದಿದ್ದೇವೆ, ಅದು ನಿಜ. ಅದರ ಎರಡನೆಯ ಕಲಮನ್ನು ಯಾರೂ ಹೇಳಿಕೊಡಲಿಲ್ಲ. ವಿಧವೆ ಮರುಮದುವೆಯಾದರೆ, ಸತ್ತ ಗಂಡನ ಆಸ್ತಿಯಲ್ಲಿ ಆಕೆಗಿದ್ದ ಹಕ್ಕು ಆಕೆಯೇ ಸತ್ತಂತೆ ಮುಗಿಯುತ್ತದೆ, ಮುಂದಿನ ವಾರಸದಾರರಿಗೆ ಹೋಗುತ್ತದೆ ಎನ್ನುತ್ತದೆ ಅದು.

ಮುತ್ತಜ್ಜಿಯ ಉತ್ತರ ಎರಡೇ ಮಾತಿನದು. ಉಡಿಕೆ ನಮ್ಮಲ್ಲಿ ತಲೆತಲಾಂತರದಿಂದ ಇದೆ, ಪಂಚರೂ ಜಂಗಮರೂ ಕೂತು ಮಾಡಿಸಿದ್ದಾರೆ. ಈ ಕಾಯ್ದೆಯಿಂದ ನಾನು ಏನನ್ನೂ ಪಡೆದಿಲ್ಲ, ಆದ್ದರಿಂದ ಇದು ನನ್ನಿಂದ ಏನನ್ನೂ ಕಿತ್ತುಕೊಳ್ಳಲಾಗದು. ವಕೀಲರು ಒಪ್ಪವಾಗಿ ಬರೆದಿರಬಹುದು, ಆದರೆ ವಾದ ಗಟ್ಟಿಯಾದದ್ದು. ಅಲಹಾಬಾದ್ ಹೈಕೋರ್ಟು ಮುಂದೆ ಇದೇ ಅಭಿಪ್ರಾಯಕ್ಕೆ ಬಂತು. ಮದ್ರಾಸು ೧೮೭೭ರಲ್ಲೇ ವಿರುದ್ಧ ಹೇಳಿತ್ತು, ಮುಂಬಯಿ ಹೈಕೋರ್ಟು ೧೮೯೦ರ ದಶಕದಲ್ಲಿ ಮದ್ರಾಸಿನ ದಾರಿಯನ್ನೇ ಹಿಡಿಯಿತು: ರೂಢಿ ಇದ್ದ ಜಾತಿಗಳ ವಿಧವೆಗೂ ಆಸ್ತಿ ಹೋಗುತ್ತದೆ ಎಂದು. ನಮ್ಮ ತಾಲ್ಲೂಕಿನ ಕೋರ್ಟು ಮೊದಲೇ ಹಾಗೆ ತೀರ್ಪು ಕೊಟ್ಟಿತ್ತು. ಹೊಲ ಮೈದುನನಿಗೆ ಹೋಯಿತು, ಖರ್ಚೂ ಆಕೆಯ ಮೇಲೆ.

ಮರುಮದುವೆಯನ್ನೇ ಅರಿಯದ ಮೇಲ್ಜಾತಿಯ ಮನೆಗಳಿಗಾಗಿ ಮಾಡಿದ ಸುಧಾರಣೆ, ಅದು ಮೊದಲಿನಿಂದ ಇದ್ದ ಮನೆಗಳ ಹೆಣ್ಣುಮಕ್ಕಳ ಹೊಲ ಕಳೆಯಿತು. ೧೮೮೪ರಲ್ಲಿ ಕ್ಯಾಂಬೆಲ್ ಸಂಪಾದಿಸಿದ ಧಾರವಾಡ ಗೆಜೆಟಿಯರಿನ ಕಾಲಕ್ಕೂ ನಮ್ಮ ಅನೇಕ ಪಂಗಡಗಳಲ್ಲಿ ಉಡಿಕೆ ನಡೆದೇ ಇತ್ತು. ಅದನ್ನು ನಿಲ್ಲಿಸಿದ್ದು ಕಾಯ್ದೆಯೊಂದೇ ಅಲ್ಲ. ಎರಡು ಎತ್ತಿನ ಮನೆ ನಾಲ್ಕೆತ್ತಿನದಾದ ಮೇಲೆ, ಹುಡುಗರು ಇಂಗ್ಲಿಷ್ ಸಾಲಿಗೆ ಹೋದ ಮೇಲೆ, "ದೊಡ್ಡವರ" ಹಾಗೆ ಕಾಣಬೇಕೆಂಬ ಆಸೆಯಿಂದ ನಾವೇ ಬಿಟ್ಟೆವು, ಬಿಟ್ಟು ಮರೆತೆವು. ಇದು ನನ್ನ ತರ್ಕ, ಕಾಗದದಲ್ಲಿ ಇಲ್ಲ.

ಕಾಗದದಲ್ಲಿ ಇರುವುದು ಇನ್ನೆರಡು ಸಂಗತಿ. ಕೈಫಿಯತ್ತಿನ ತಲೆಗೆ ಜಾತಿ: ಲಿಂಗಾಯತ. ಒಳಪಂಗಡ ಇಲ್ಲ. ಉದ್ಯೋಗ: ಒಕ್ಕಲುತನ. ಕೊನೆಯಲ್ಲಿ ಸಹಿಯ ಜಾಗದಲ್ಲಿ ನಿಶಾನಿ. ಅಕ್ಷರ ಬಾರದ ಒಕ್ಕಲಿಗ ನೇಗಿಲು ಬರೆಯುತ್ತಿದ್ದ, ಹೆಣ್ಣುಮಗಳಾದರೆ ಬಳೆ. ಆಕೆ ಬಳೆ ಬರೆದಿದ್ದಾಳೆ. ಸುತ್ತು ಪೂರ್ತಿ ಕೂಡಿಲ್ಲ, ಮಸಿ ಒಂದು ಕಡೆ ದಪ್ಪಾಗಿದೆ. ಬಳೆ ಒಡೆಸಿಕೊಂಡು ಮತ್ತೆ ಇಟ್ಟುಕೊಂಡವಳ ಕೈ ಅದು. ಮೂವತ್ತು ವರ್ಷ ಇಂಥ ನಿಶಾನಿಗಳನ್ನು ನೋಡಿದವನು ನಾನು, ಅವತ್ತು ಮಾತ್ರ ಕಡತ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಖರೀದಿಪತ್ರ ಆದದ್ದು ಡಿಕ್ರಿಯಾಗಿ ಎಷ್ಟೋ ವರ್ಷಗಳ ಮೇಲೆ. ಕಳೆದುಕೊಂಡ ಹೊಲದ ಬದುವಿಗೆ ಹತ್ತಿಯೇ ಹೊಲ ಹಿಡಿದಳು, ತನ್ನ ಹೆಸರಿಗೇ ಹಿಡಿದಳು. ದುಡ್ಡು ಎಲ್ಲಿಂದ ಬಂತು ಎಂದು ಪತ್ರ ಹೇಳುವುದಿಲ್ಲ.

ನಕಲುಗಳನ್ನು ಮನೆಯಲ್ಲಿ ಓದಿದೆ. ಹಿರಿಯ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸರ್ವೆ ನಂಬರು ಕೇಳಿದರು. ಹೇಳಿದೆ. "ಅದು ಮುದುಕಿ ಪಟ್ಟಿ ಅಲ್ಲೇನು?" ಎಂದರು. ಹೌದು, ನಮ್ಮ ಮನೆಯಲ್ಲಿ ಆ ಹೊಲಕ್ಕೆ ಮುದುಕಿ ಪಟ್ಟಿ ಎಂದೇ ಹೆಸರು. ಯಾವ ಮುದುಕಿ ಎಂದು ಮೂರು ತಲೆಮಾರಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾಕಾ ಐವತ್ತು ವರ್ಷ ಅದರಲ್ಲಿ ಜೋಳ ಬಿತ್ತಿದ್ದಾರೆ.

ಇನ್ನೊಬ್ಬ ಹಿರಿಯರು, "ಇರಲಿ, ಕಾಗದ ಮನಿಯೊಳಗ ಇರಲಿ, ನಾಕು ಮಂದಿ ಮುಂದ ಬ್ಯಾಡ" ಎಂದರು. "ನಾಕು ಮಂದಿ ಮುಂದನ ಓದ್ರಿ ದೊಡ್ಡಪ್ಪ" ಎಂದವಳು ನನ್ನ ತಮ್ಮನ ಮಗಳು. ಅದಕ್ಕೇ ಇಲ್ಲಿ ನಿಂತಿದ್ದೇನೆ. ಮದುವೆಯ ಮಾತು ಇನ್ನೂ ನಡೆದಿದೆ. ಕಾಕಾ ಹುಡುಗನ ಮನೆಗೆ ಒಮ್ಮೆ ಹೋಗಿಬಂದಿದ್ದಾರೆ.

ಕಾಯ್ದೆಯ ವಿಷಯ ಕೇಳುವವರಿಗೆ ಒಂದು ಮಾತು: ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೇಲೆ, ಗಂಡನಿಂದ ಬಂದ ಆಸ್ತಿ ವಿಧವೆಯ ಪೂರ್ಣ ಹಕ್ಕಿನದು, ಮರುಮದುವೆಯಾದರೆ ಹೋಗುವುದಿಲ್ಲ. ೧೮೫೬ರ ಕಾಯ್ದೆಯನ್ನೇ ೧೯೮೩ರಲ್ಲಿ ತೆಗೆದುಹಾಕಿದರು. ಹಳ್ಳಿಗಳಲ್ಲಿ ಈಗಲೂ "ಮದುವಿ ಆದ್ರ ಹೊಲ ಬಿಡಬೇಕು" ಎಂದು ಹೆದರಿಸುವವರಿದ್ದಾರೆ, ನಂಬಬೇಡಿ.

ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆ ಕೂಡಿಸದೆ ಹೋಗಿದ್ದರೆ ಎಷ್ಟು ವಚನ ಉಳಿಯುತ್ತಿದ್ದವೋ. ನಿಮ್ಮ ಅಟ್ಟದ ಮೇಲೂ ಗಂಟುಗಳಿರಬಹುದು. ಗೆದ್ದಲು ಹತ್ತುವ ಮೊದಲು ಬಿಚ್ಚಿ. ಮೋಡಿ ಕಾಗದ ಇದ್ದವರು ಮುಂದಿನ ಗೋಷ್ಠಿಗೆ ತನ್ನಿ, ಓದಬಲ್ಲ ಹಿರಿಯರು ಬರಲು ಒಪ್ಪಿದ್ದಾರೆ. ಮುತ್ತಜ್ಜಿಯ ಕೈಫಿಯತ್ತಿನ ನಕಲನ್ನು ಅಪ್ಪಗಳ ಅಪ್ಪಣೆ ಪಡೆದು ಮಠದ ಗ್ರಂಥಾಲಯದಲ್ಲಿ ಇಟ್ಟಿದ್ದೇನೆ, ಯಾರು ಬೇಕಾದರೂ ನೋಡಬಹುದು.