ಗಣಕ ಕೊಳ್ಳುವ ಹದ



ಸಹ್ಯಾದ್ರಿಯ ಬುಡದ ಕೊಲ್ಲೂರು, ಅಮಾಸೆಬೈಲು, ಸಿದ್ದಾಪುರಗಳಿಂದ ಕಡಲ ಕಡೆಯ ಬೈಂದೂರು, ಕುಂದಾಪುರ, ಬ್ರಹ್ಮಾವರಗಳವರೆಗೆ ಗಣಕಯಂತ್ರವಿಲ್ಲದ ಸಹಕಾರಿ ಸಂಘವಾಗಲಿ ಪಂಚಾಯತಿ ಕಚೇರಿಯಾಗಲಿ ಇಂದು ಕಾಣಸಿಗುವುದು ಅಪರೂಪ. ಕಾಲೇಜು ಮೆಟ್ಟಿಲೇರುವ ಮಕ್ಕಳಿರುವ ಮನೆಗಳಲ್ಲಿ ಅಡಿಕೆ ಮಾರಿದ ಹಣದ ಒಂದು ಪಾಲು ಅದಕ್ಕೇ ಮೀಸಲು. ಅಲ್ಲೆಲ್ಲ ಏಳುವ ಪ್ರಶ್ನೆ ಒಂದೇ: ಈಗಲೇ ಕೊಳ್ಳಬೇಕೋ, ಹೊಸ ಮಾದರಿ ಬರುವ ತನಕ ಕಾಯಬೇಕೋ? ಮೇಲ್ನೋಟಕ್ಕೆ ಇದು ಅಂಗಡಿಯ ವ್ಯವಹಾರ. ಆದರೆ ಮನೆಯ ಹಣ, ಊರಿನ ವಿದ್ಯುತ್ತು, ಹೊಳೆಯ ದಂಡೆಗೆ ಬಂದು ಬೀಳುವ ಕಸ ಈ ಮೂರೂ ಅದರೊಳಗೆ ಅಡಗಿರುವುದರಿಂದ ಇದು ಪರಿಸರದ ಪ್ರಶ್ನೆಯೂ ಹೌದು.

ಕಾಯುವುದರ ಬೆಲೆ ಏನೆಂಬುದು ಭತ್ತದ ಕೃಷಿಕರಿಗೆ ಹೊಸ ಪಾಠವಲ್ಲ. ಗದ್ದೆ ಹದವಾಗಿದ್ದರೂ ಇನ್ನೂ ಒಳ್ಳೆಯ ದಿನ ಬರಲೆಂದು ಕಾದರೆ ನೇಜಿ ಬಲಿಯುತ್ತದೆ. ಬಲಿತ ನೇಜಿಯನ್ನು ನೆಟ್ಟರೆ ತೆಂಡೆ ಕಡಿಮೆ, ಇಳುವರಿಯೂ ಕಡಿಮೆ. ಹಾಗೆಯೇ, ಹೊಸ ತಳಿ ಬಂದ ಮಾತ್ರಕ್ಕೆ ಅದು ಎಲ್ಲ ಗದ್ದೆಗೂ ಒಗ್ಗಬೇಕೆಂದಿಲ್ಲ. ಕೇರಳದಿಂದ ಬಂದ ಎಂ.ಒ.-4 ಹಳೆಯ ತಳಿಯಾದರೂ ಕರಾವಳಿಯ ರೈತರು ಅದನ್ನು ಕೈಬಿಟ್ಟಿಲ್ಲ. ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿಯ ನಿಜವಾದ ಗುಣ ಕಾಣುವುದು ನೆರೆ ನಿಲ್ಲುವ ತಗ್ಗು ಗದ್ದೆಗಳಲ್ಲಿ. ಗಣಕದ ಆಯ್ಕೆಯಲ್ಲೂ ಮೊದಲು ನೋಡಬೇಕಾದುದು ಗದ್ದೆಯನ್ನು, ಆಮೇಲೆ ತಳಿಯನ್ನು.

ಇತ್ತೀಚಿನ ವರ್ಷಗಳಲ್ಲಿ ಅಂಗೈಯಗಲದ ಪುಟ್ಟ ಮೇಜುಗಣಕಗಳು ಜನಪ್ರಿಯವಾಗಿವೆ. ಪತ್ರ ಬರೆಯುವ, ಲೆಕ್ಕ ಇಡುವ ಕೆಲಸಕ್ಕೆ ಇವು ಸುಮಾರು 10ರಿಂದ 15 ವಾಟ್ ವಿದ್ಯುತ್ ಬಳಸಿದರೆ, ಹಳೆಯ ದೊಡ್ಡ ಪೆಟ್ಟಿಗೆಯ ಗಣಕಗಳು 60 ವಾಟ್‌ಗೂ ಹೆಚ್ಚು ಬೇಡುತ್ತವೆ. ಪರದೆಯ ಬಳಕೆ ಎರಡಕ್ಕೂ ಬೇರೆ. 50 ವಾಟ್ ಉಳಿತಾಯವೆಂದು ಹಿಡಿದರೆ, ದಿನಕ್ಕೆ 6 ಗಂಟೆಯಂತೆ 300 ದಿನಗಳಲ್ಲಿ 90 ಯುನಿಟ್ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದಾಗ ಇನ್ವರ್ಟರ್‌ನ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಹೊಸಂಗಡಿಯಲ್ಲಿ ವಾರಾಹಿಯ ನೀರಿನಿಂದ ವಿದ್ಯುತ್ ತೆಗೆಯಲು ಕಾಡು ತೆತ್ತ ಬೆಲೆಯನ್ನು ಬಲ್ಲ ಊರಿನವರಿಗೆ ಒಂದು ಯುನಿಟ್ಟಿನ ತೂಕವನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಇಂಥ ಮಿತಬಳಕೆಯ ಯಂತ್ರ ತನ್ನ ಆಯುಷ್ಯದಲ್ಲಿ ಭೂಮಿಯ ಮೇಲೆ ಹೊರಿಸುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಕಾರ್ಖಾನೆಯಲ್ಲೇ, ಅದು ಮನೆಗೆ ಬರುವ ಮೊದಲೇ ಆಗಿಹೋಗಿರುತ್ತದೆ. ನಾಲ್ಕು ವರ್ಷಕ್ಕೆ ಎಸೆಯುವ ಬದಲು ಎಂಟು ವರ್ಷ ಬಳಸಿದರೆ ತಯಾರಿಕೆಯ ಹೊರೆ ವರ್ಷಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಯಾವಾಗ ಕೊಳ್ಳಬೇಕು ಎಂಬ ಪ್ರಶ್ನೆಗೆ ಮುನ್ನ, ಎಷ್ಟು ವರ್ಷ ಬಳಸಬೇಕು ಎಂಬುದು ತೀರ್ಮಾನವಾಗಬೇಕು.

ಇನ್ನು ಕಾಯುವ ವಿಚಾರ. ಆಪಲ್ ಕಂಪನಿಯ ಮ್ಯಾಕ್ ಮಿನಿ ಎಂಬ ಪುಟ್ಟ ಗಣಕದ ಚರಿತ್ರೆ ಎರಡು ಬಗೆಯ ಪಾಠ ಹೇಳುತ್ತದೆ. 2014ರ ಅಕ್ಟೋಬರಿನಲ್ಲಿ ಅದರ ಒಂದು ಮಾದರಿ ಬಂತು. ಮುಂದಿನದು ಪ್ರಕಟವಾದದ್ದು 2018ರ ಅಕ್ಟೋಬರಿನಲ್ಲಿ. ಬರುವ ವರ್ಷ ಹೊಸತು ಬರಬಹುದೆಂದು ಕಾದವರು ಒಂದು ಪದವಿ ಮುಗಿಯುವಷ್ಟು ಕಾಲ ಕಾದರು. ಇದಕ್ಕೆ ವಿರುದ್ಧವಾಗಿ, 2023ರ ಜನವರಿಯಲ್ಲಿ 59,900 ರೂಪಾಯಿಗೆ ಬಂದ ಎಂ2 ಮಾದರಿಯಲ್ಲಿ 8 ಜಿ.ಬಿ. ಸ್ಮೃತಿಯಿತ್ತು, 2024ರ ನವೆಂಬರಿನಲ್ಲಿ ಅದೇ ಆರಂಭಿಕ ಬೆಲೆಗೆ ಬಂದ ಎಂ4 ಮಾದರಿಯಲ್ಲಿ 16 ಜಿ.ಬಿ. ಇತ್ತು. ಅಲ್ಲಿ ಒಂದು ತಿಂಗಳು ಕಾದವನಿಗೆ ದುಪ್ಪಟ್ಟು ಸ್ಮೃತಿ ದಕ್ಕಿತು. ಈ ಯಂತ್ರದಲ್ಲಿ ಸ್ಮೃತಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲವಾದ್ದರಿಂದ ಆ ವ್ಯತ್ಯಾಸ ಯಂತ್ರದ ಆಯುಷ್ಯದ ಉದ್ದಕ್ಕೂ ಉಳಿಯುವಂಥದು.

ಕಾದರೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆಯೂ ಸದಾ ನಿಜವಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಸ್ಮೃತಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಶಾಲೆಯ ಮಕ್ಕಳಿಗೆ ಅಗ್ಗದಲ್ಲಿ ಸಿಗಲೆಂದು ರೂಪುಗೊಂಡ ರಾಸ್ಪ್‌ಬೆರಿ ಪೈ ಕೂಡ ಅದೇ ವರ್ಷ ಡಿಸೆಂಬರಿನಲ್ಲಿ ತುಟ್ಟಿಯಾಯಿತು. ಅಡಿಕೆಯ ಧಾರಣೆ ನೋಡುತ್ತ ಕೂತವರಿಗೆ ಈ ಅನುಭವ ಹೊಸತಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ; ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ ಸಾಕಷ್ಟು ಹೊಸ ಸಂಸ್ಕಾರಕವೂ ಅದಕ್ಕೆ ಬೇಕು. ಹೀಗೆ ಕೆಟ್ಟಿರದ ಯಂತ್ರಗಳೂ ಒಂದು ದಿನಾಂಕದ ದೆಸೆಯಿಂದ ಗುಜರಿಯ ಹಾದಿ ಹಿಡಿಯುವಂತಾಯಿತು. ಆದರೆ ಅಂಥ ಯಂತ್ರಕ್ಕೆ ಒಂದು ಎಸ್.ಎಸ್.ಡಿ. ಜೋಡಿಸಿ, ಲಿನಕ್ಸ್ ಹಾಕಿದರೆ ಪಾಠಕ್ಕೂ ಪತ್ರವ್ಯವಹಾರಕ್ಕೂ ಇನ್ನೂ ಕೆಲವು ವರ್ಷ ಬರುತ್ತದೆ. ಯುನಿಕೋಡ್ ಕನ್ನಡವೂ ಅದರಲ್ಲಿ ಸರಾಗ. ಪಕ್ಕದ ಕಾಸರಗೋಡನ್ನೂ ಒಳಗೊಂಡಂತೆ ಕೇರಳದ ಸರಕಾರಿ ಶಾಲೆಗಳು 2000ರ ದಶಕದಿಂದಲೇ ಲಿನಕ್ಸ್‌ನಲ್ಲಿ ಪಾಠ ನಡೆಸುತ್ತ ಬಂದಿವೆ. ಸಂಘದ ಲೆಕ್ಕಪತ್ರದ ತಂತ್ರಾಂಶ ವಿಂಡೋಸನ್ನೇ ಬೇಡುವುದಾದರೆ ಮಾತ್ರ ಅಲ್ಲಿ ಹೊಸ ಯಂತ್ರ ಅನಿವಾರ್ಯ.

ಹಾಗಾದರೆ ನಿರ್ಧಾರ ಹೇಗೆ? ಹಳೆಯ ಯಂತ್ರ ಕೈಕೊಟ್ಟು ಕೆಲಸ ನಿಂತಿದ್ದರೆ, ಅಥವಾ ತರಗತಿ ಆರಂಭವಾಗುತ್ತಿದ್ದರೆ, ಕೊಳ್ಳುವುದೇ ಸರಿ. ಕಳೆದುಹೋದ ಒಂದು ಸೆಮಿಸ್ಟರನ್ನು ಯಾವ ಹೊಸ ಮಾದರಿಯೂ ಮರಳಿ ಕೊಡಲಾರದು. ಹಳೆಯದು ನಡೆಯುತ್ತಿದ್ದು, ಹೊಸ ಮಾದರಿಯನ್ನು ಕಂಪನಿಯೇ ಪ್ರಕಟಿಸಿ ದಿನಾಂಕ ಕೊಟ್ಟಿದ್ದರೆ, ಆ ಒಂದೆರಡು ತಿಂಗಳು ಕಾಯಬಹುದು. ಹೊಸತು ಹೊಂದದಿದ್ದರೂ ಹಳೆಯ ಮಾದರಿ ಅಗ್ಗವಾಗುವ ಸಂಭವವಿದೆ. ಬರೀ ಗಾಳಿಮಾತಿಗೆ ಕಾಯುವುದು ಸಲ್ಲದು. ಮಾರ್ಚ್ 31ರೊಳಗೆ ಅನುದಾನ ಮುಗಿಯಬೇಕೆಂದು ಕೊಳ್ಳುವುದಂತೂ ಎಲ್ಲಕ್ಕಿಂತ ದುಬಾರಿಯ ಖರೀದಿ.

ಕೊಳ್ಳುವಾಗ ಮುಚ್ಚಳ ತೆರೆದು ಸ್ಮೃತಿ ಮತ್ತು ಸಂಗ್ರಹವನ್ನು ಬದಲಿಸಬಹುದಾದ ಯಂತ್ರಕ್ಕೆ ಆದ್ಯತೆಯಿರಲಿ. ಅದು ಸಾಧ್ಯವಿಲ್ಲದ್ದಾದರೆ ಎಂಟು ವರ್ಷಕ್ಕೆ ಸಾಲುವಷ್ಟು ಸ್ಮೃತಿಯನ್ನು ಮೊದಲೇ ಪಡೆಯಬೇಕು. ಕಡಲ ಉಪ್ಪುಗಾಳಿ, ಮಳೆಗಾಲದ ತೇವ, ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್‌ಗಳ ಸಿಡಿಲು ಇವು ಇಲ್ಲಿನ ಗಣಕಗಳ ನಿಜವಾದ ಶತ್ರುಗಳು. ಸರಿಯಾದ ಅರ್ಥಿಂಗ್ ಮಾಡಿಸಿ, ಗುಡುಗು ಕೇಳಿದೊಡನೆ ವಿದ್ಯುತ್ ತಂತಿಯನ್ನೂ ಅಂತರಜಾಲದ ತಂತಿಯನ್ನೂ ಕಳಚಿಡುವ ಅಭ್ಯಾಸ, ಹೊಸ ಮಾದರಿಗಿಂತ ಹೆಚ್ಚು ಹಣ ಉಳಿಸುತ್ತದೆ.

ಹೊಸತು ಬಂದ ದಿನ ಹಳೆಯದರ ಗತಿಯೂ ತೀರ್ಮಾನವಾಗಬೇಕು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸೇರಿದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ತಂತಿ ಸುಟ್ಟು ತಾಮ್ರ ತೆಗೆದರೆ ಹೊಗೆ ಊರಿಗೆ, ಗುಡ್ಡದ ತೋಡಿಗೆ ಎಸೆದರೆ ಸೀಸ ಸೌಪರ್ಣಿಕೆಗೆ, ಸೀತಾನದಿಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ನೋಂದಾಯಿತ ಮರುಬಳಕೆದಾರರಿಗೇ ಅದನ್ನು ತಲುಪಿಸಬೇಕು. ಬಳಸಲು ಬರುವ ಯಂತ್ರವಾದರೆ, ಮಾಹಿತಿಯನ್ನು ಪೂರ್ತಿ ಅಳಿಸಿ ಹತ್ತಿರದ ಶಾಲೆಗೆ ಕೊಡುವುದು ಲೇಸು.

ಕಂಪನಿಗಳ ಪಂಚಾಂಗ ಪ್ರತಿ ವರ್ಷ ಬದಲಾಗುತ್ತದೆ. ಕೊಳ್ಳುವ ಹದವನ್ನು ನಿಮ್ಮ ಕೆಲಸದ ಪಂಚಾಂಗ ನೋಡಿ ಗೊತ್ತುಮಾಡಿ. ಕೊಂಡ ಮೇಲೆ ಆ ಯಂತ್ರವನ್ನು ದೀರ್ಘಕಾಲ ಬಾಳಿಸಿ.