ಅಂಕಿಗಿಂತ ಮೊದಲು ಉಕ್ತಲೇಖನ

ಶೈಕ್ಷಣಿಕ ಮನಶ್ಶಾಸ್ತ್ರಜ್ಞರೆಂದರೆ ಐಕ್ಯೂ ನೋಡಿ ಬರೆದುಕೊಡುವವರು ಎಂಬ ಕಲ್ಪನೆ ನಮ್ಮ ಭಾಗದ ಪಾಲಕರಲ್ಲಷ್ಟೇ ಅಲ್ಲ, ಶಿಕ್ಷಕರಲ್ಲೂ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸರ್ಕಾರಿ ಶಾಲೆಗಳ ಮಟ್ಟಿಗೆ ಈ ವೃತ್ತಿಯ ಮುಖ್ಯ ಕೆಲಸ ಅದಲ್ಲ ಎಂಬುದು ನನ್ನ ವಾದ. ಮಗು ಕಲಿಕೆಯಲ್ಲಿ ಎಲ್ಲಿ ಎಡವುತ್ತಿದೆ, ಮುಂದಿನ ವಾರ ಅದಕ್ಕೆ ಏನನ್ನು ಹೇಗೆ ಹೇಳಿಕೊಡಬೇಕು ಎಂಬುದನ್ನು ಶಿಕ್ಷಕರ ಜೊತೆ ಕೂತು ಗೊತ್ತುಮಾಡುವುದು ಮೊದಲ ಕೆಲಸ. ಅಂಕಿಯ ಮಾತು ಆಮೇಲಿನದು.

ಅಂಕಿಯ ಇತಿಹಾಸವೇ ಈ ಮಾತಿಗೆ ಬೆಂಬಲವಾಗಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಮೊದಲ ಬುದ್ಧಿಪರೀಕ್ಷೆ ಸಿದ್ಧಪಡಿಸಿದ್ದು ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿ ಕಲಿಸಲಿಕ್ಕೆ. ಬುದ್ಧಿ ಎಂಬುದು ಹುಟ್ಟಿನಿಂದಲೇ ನಿಗದಿಯಾದ ಪ್ರಮಾಣ ಎನ್ನುವವರನ್ನು ಬಿನೆ ಕಟುವಾಗಿ ವಿರೋಧಿಸಿದ್ದರು. ಕನ್ನಡಕ್ಕೆ ಆ ಪರೀಕ್ಷೆ ಬಂದದ್ದು ಬೇಗನೇ. ವಿ. ವಿ. ಕಾಮತರು ಅದರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 1916ರ ಆವೃತ್ತಿಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಬಂಧವಾಗಿಯೂ 1940ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಆಗ ಹಾವೇರಿ ಇನ್ನೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಬಿನೆ–ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿರುವುದು ಕಾಮತರ ಶ್ರಮಕ್ಕೆ ಸಂದ ಗೌರವ. ಆದರೆ ತಲೆಮಾರುಗಳು ಬದಲಾದಂತೆ ಹಳೆಯ ಮಾನದಂಡ ಸಡಿಲವಾಗುತ್ತದೆ ಎಂಬುದನ್ನು 1980ರ ದಶಕದಲ್ಲಿ ಜೇಮ್ಸ್ ಫ್ಲಿನ್ ಹಲವು ದೇಶಗಳ ಅಂಕಿಅಂಶಗಳಿಂದ ತೋರಿಸಿದ್ದಾರೆ. ಇನ್ನು ರಾಣೆಬೆನ್ನೂರಿನ ತಾಂಡಾದ ಮಗುವನ್ನು ನೋಡಿ: ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ನಮ್ಮ ಹಾವೇರಿ ಮಾತು, ಪುಸ್ತಕದಲ್ಲಿ ಇನ್ನೊಂದೇ ಕನ್ನಡ. ಈ ಮೂರನೆಯದರಲ್ಲಿ ಪ್ರಶ್ನೆ ಕೇಳಿ ಬಂದ ಅಂಕಿಯಲ್ಲಿ ಬುದ್ಧಿಯ ಪಾಲೆಷ್ಟು, ಭಾಷೆಯ ಪಾಲೆಷ್ಟು? ಬೇರ್ಪಡಿಸಿ ಹೇಳುವುದು ಕಷ್ಟ.

ಉಕ್ತಲೇಖನದ ಒಂದು ಹಾಳೆ ಈ ಅಂಕಿಗಿಂತ ಹೆಚ್ಚು ಹೇಳಬಲ್ಲದು. ಮೂರನೇ ತರಗತಿಯ ಮಗು ‘ಶಾಲೆ’ ಎಂದದ್ದನ್ನು ‘ಸಾಲಿ’ ಎಂದು ಬರೆದರೆ ಅದು ದೋಷವೇ ಅಲ್ಲ. ಮನೆಯಲ್ಲಿ ಕೇಳಿದ್ದನ್ನು ಮಗು ನಿಷ್ಠೆಯಿಂದ ಬರೆದಿದೆ. ‘ಕಪ್ಪೆ’ಯನ್ನು ‘ಕಪೆ’ ಎಂದು ಬರೆದರೆ ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲ ಎಂದರ್ಥ, ಅದೂ ಗಾಬರಿಪಡುವ ವಿಷಯವಲ್ಲ. ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಕಾಲ ಬೇಕು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಲೆಕ್ಕ ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ಹೊಂದುವುದಿಲ್ಲ. ಆದರೆ ವಾರಗಟ್ಟಲೆ ತಿದ್ದಿಸಿದ ಮೇಲೂ ‘ಮ’ ಯಾವುದು ‘ವ’ ಯಾವುದು ಎಂದು ಮಗು ತಡಕಾಡುತ್ತಿದ್ದರೆ, ನಿನ್ನೆ ಓದಿದ ‘ಮರ’ ಇವತ್ತು ಹೊಸದಾಗಿ ಕಂಡರೆ, ಅಲ್ಲಿ ನಿಲ್ಲಬೇಕು. ಮೊದಲು ಕಣ್ಣು, ಕಿವಿ ತೋರಿಸಬೇಕು. ಆಮೇಲೆ ಹಾಜರಿ ಪುಸ್ತಕ ತೆಗೆದು ನೋಡಬೇಕು: ಬ್ಯಾಡಗಿಯ ಹಂಗಾಮಿನಲ್ಲಿ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಾಗ ಮನೆಯಲ್ಲಿ ತಮ್ಮನನ್ನು ನೋಡಿಕೊಂಡಿದ್ದ ಹುಡುಗಿ ‘ಮಂದಬುದ್ಧಿ’ ಎನಿಸಿಕೊಳ್ಳುವುದು ಅನ್ಯಾಯ. ಇವೆಲ್ಲ ದಾಟಿದ ಮೇಲೂ ತೊಡಕು ಉಳಿದರೆ ಕಲಿಕಾ ನ್ಯೂನತೆಯ ಅನುಮಾನಕ್ಕೆ ಅರ್ಥವಿದೆ.

ಪ್ರಮಾಣಪತ್ರವಿಲ್ಲದಿದ್ದರೆ ಸೌಲಭ್ಯ ಸಿಗುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿದೆ, ಶೇ. 40ರಷ್ಟಾದರೂ ವೈಕಲ್ಯವಿರುವವರಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆ ಕಾಗದ ಬೇಕು, ಅದಕ್ಕಾಗಿ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಿಗೋ ಹೋಗಲೇಬೇಕು. ಆದರೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಡಬ್ಬಿ, ಕಡ್ಡಿ ಎಂದು ವಿಂಗಡಿಸಿದರೆ ಮಾರಾಟ ಸುಲಭವಾಗುತ್ತದೆಯೇ ಹೊರತು ಹೊಲದ ಬೆಳೆಗೆ ನೀರು ಹಾಯುವುದಿಲ್ಲ. ಶೇಕಡಾವಾರು ಬರೆದ ಕಾಗದ ಹಿಡಿದು ಮರಳಿದ ಮಗು ಅದೇ ಬೆಂಚಿನ ಮೇಲೆ ಅದೇ ಪಾಠಕ್ಕೆ ಕೂರುವುದಾದರೆ ಓಡಾಟದಿಂದ ಕಲಿಕೆಗೇನೂ ದಕ್ಕಲಿಲ್ಲ.

ತರಗತಿಯಲ್ಲೇ ನೋಡುತ್ತಾ ಕೂತರೆ ಕಾಲ ಮೀರುತ್ತದೆ ಎನ್ನುವವರಿದ್ದಾರೆ. ಕಿವುಡುತನ, ಸೆರೆಬ್ರಲ್ ಪಾಲ್ಸಿ, ಆಟಿಸಂ ವಿಷಯದಲ್ಲಿ ಈ ಮಾತು ಸರಿ, ಅಲ್ಲಿ ಒಂದು ತಿಂಗಳೂ ಕಾಯಬಾರದು. ಕಲಿಕಾ ನ್ಯೂನತೆಯ ಸಂಗತಿ ಹಾಗಲ್ಲ. 2018ರ ಜನವರಿಯ ಕೇಂದ್ರ ಮಾರ್ಗಸೂಚಿ ಅದಕ್ಕೆ ಎಂಟು ವರ್ಷ ತುಂಬುವ ಮೊದಲು ಪ್ರಮಾಣಪತ್ರ ಕೊಡುವಂತಿಲ್ಲ ಎಂದಿತು, 14ಕ್ಕೂ 18ಕ್ಕೂ ಮರುತಪಾಸಣೆ ಇಟ್ಟಿತು. ಎಂಟು ಎಂದರೆ ಮೂರನೇ ತರಗತಿ. ಅಂದರೆ ಕೆಳ ತರಗತಿಗಳ ನಲಿ–ಕಲಿಯ ಬಹುಪಾಲು ಅವಧಿಯಲ್ಲಿ ಯಾವ ಕಾಗದವೂ ಇಲ್ಲ, ಇರುವುದು ಕಲಿಸುವಿಕೆ ಮಾತ್ರ. ಮನಶ್ಶಾಸ್ತ್ರಜ್ಞರು ಆ ವರ್ಷಗಳಲ್ಲಿ ಬಾರದೆ ಆಮೇಲೆ ಬಂದರೆ ತಡವಾಯಿತೆಂದೇ ಲೆಕ್ಕ.

ಉಳಿದದ್ದು ಜನಬಲದ ಪ್ರಶ್ನೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಮೇಷ್ಟ್ರ ಹೆಗಲಿಗೆ ಇದನ್ನೂ ಹೊರಿಸುವುದೇ? ನಿಜ ಹೇಳಬೇಕೆಂದರೆ ಅಂಕಿಯ ದಾರಿಗೇ ಹೆಚ್ಚು ಜನ ಬೇಕು. ಒಂದು ಮಗುವಿನ ಐಕ್ಯೂ ಪರೀಕ್ಷೆಗೆ ಸುಮಾರು ಒಂದು ತಾಸು ಹಿಡಿದರೆ ಇಡೀ ತರಗತಿಯ ಉಕ್ತಲೇಖನ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆ ಹಾಳೆಗಳನ್ನು ತಾಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ಜೊತೆ ಕೂತು ಓದಿ, ಯಾವ ಮಗುವಿಗೆ ಯಾವ ಒತ್ತಕ್ಷರ, ಎಷ್ಟು ವಾರ ಎಂದು ಬರೆದಿಡುವುದು ಮನಶ್ಶಾಸ್ತ್ರಜ್ಞರ ಪಾಲು. 14ರ ಮರುತಪಾಸಣೆಗೆ ಕಲಿಕಾ ನ್ಯೂನತೆಯ ಹುಡುಗ ಅಥವಾ ಹುಡುಗಿ ಹೋಗುವಾಗ ಕಡತದಲ್ಲಿ ಹಳೆಯ ಅಂಕಿ ಒಂದೇ ಇದ್ದರೆ ನೋಡುವವರು ಮೊದಲಿನಿಂದ ಶುರುಮಾಡಬೇಕು. ವರ್ಷವರ್ಷದ ಹಾಳೆಗಳು, ಏನು ಕಲಿಸಿದರೆ ಹತ್ತಿತು ಏನು ಹತ್ತಲಿಲ್ಲ ಎಂಬ ಟಿಪ್ಪಣಿಗಳು ಜೊತೆಗಿದ್ದರೆ ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯವಷ್ಟೇ ಸಾಕೋ, ಬರೆದುಕೊಡುವವರೂ ಬೇಕೋ ಎಂಬುದನ್ನು ಅವತ್ತೇ ಹೇಳಬಹುದು.